ಮಂಡ್ಯದಿಂದ ಹೈದರಾಬಾದಿಗೆ: ಮಂಡಕಳ್ಳಿಯಲ್ಲಿ ಹತ್ತಬೇಕಾ, ದೇವನಹಳ್ಳಿಗೆ ಹೋಗಬೇಕಾ?

ಮೈಸೂರಿನಿಂದ ಹೈದರಾಬಾದಿಗೆ ಎಷ್ಟು ದೂರ ಅಂತ ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತೆ. ಒಂದು ಕಡೆ 590 ಕಿಲೋಮೀಟರ್ ಅಂತಿದ್ದರೆ ಇನ್ನೊಂದು ಕಡೆ 700ಕ್ಕೂ ಜಾಸ್ತಿ ಅಂತಿರುತ್ತೆ. ಎರಡೂ ಸರಿಯೇ. ಮೊದಲನೆಯದು ನಕ್ಷೆ ಮೇಲೆ ನೇರ ಗೆರೆ ಎಳೆದ ದೂರ. ಎರಡನೆಯದು ಬೆಂಗಳೂರು, ಅನಂತಪುರ, ಕರ್ನೂಲು ಹಾದು ಹೋಗುವ ರಸ್ತೆಯ ದೂರ. ಹಾರಾಟದ ಸಮಯದ್ದೂ ಇದೇ ಕಥೆ. ಒಂದು ಟ್ರಾವೆಲ್ ಸೈಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತಿತ್ತು. ಟಿಕೆಟ್ ತೆಗೆದು ನೋಡಿದರೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಗಂಟೆ.

ನನ್ನದು ಮಂಡ್ಯದಲ್ಲಿ ಮೋಟಾರು ರಿಪೇರಿ ಅಂಗಡಿ. ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ವೈಂಡಿಂಗ್ ಮಾಡಿಕೊಡುತ್ತೇವೆ, ಬೇರಿಂಗು, ಸೀಲು, ಬುಷ್ಷು ಮಾರುತ್ತೇವೆ. ಇಂಥ ಸಾಮಾನಿಗೆ ಸಿಕಂದರಾಬಾದಿನ ರಾಣಿಗಂಜ್ ದೊಡ್ಡ ಮಾರ್ಕೆಟ್ಟು. ಅಕ್ಕನನ್ನು ಕೊಟ್ಟಿರುವುದೂ ಹೈದರಾಬಾದಿಗೇ, ಮನೆ ಕಾಚಿಗುಡದಲ್ಲಿ. ಹಾಗಾಗಿ ವ್ಯಾಪಾರಕ್ಕೆ ಅಂತಲೋ, ಅಕ್ಕನ ಮನೆಯ ಕಾರ್ಯಕ್ಕೆ ಅಂತಲೋ ವರ್ಷದಲ್ಲಿ ಹಲವು ಸಲ ಹೋಗಿಬರುತ್ತೇನೆ. ರೈಲು, ಬಸ್ಸು, ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ದೊಡ್ಡ ವಿಮಾನ, ಮೈಸೂರಿನ ಮಂಡಕಳ್ಳಿ ನಿಲ್ದಾಣದ ಚಿಕ್ಕ ವಿಮಾನ ಎಲ್ಲದರಲ್ಲೂ ಹೋಗಿದ್ದೇನೆ. ಅಂಗಡಿಗೆ ಬರುವವರು ಯಾವುದು ವಾಸಿ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನವರಿಗೆ ಇದರಲ್ಲಿ ಏನೂ ಇಲ್ಲ. ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ಮೈಸೂರು ಕಡೆಯವರಿಗೆ ಮಾತ್ರ.

ಮೊದಲು ಒಂದು ತಮಾಷೆ. ಮಂಡಕಳ್ಳಿಯಿಂದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಆ ಗೆರೆ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟಿ, ಪಾಂಡವಪುರಕ್ಕೂ ಮಂಡ್ಯಕ್ಕೂ ನಡುವೆ ತೂರಿಕೊಂಡು, ತುಮಕೂರಿನ ಪಕ್ಕದಲ್ಲೇ ಸಾಗಿ, ಪಾವಗಡ, ಅನಂತಪುರ, ಕರ್ನೂಲು ಸೀಮೆ ದಾಟಿ ಹೋಗುತ್ತೆ. ಅಂದರೆ ನಾವು ಮಂಡ್ಯದಿಂದ ದಕ್ಷಿಣಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ಹೋಗಿ, ಅಲ್ಲಿ ವಿಮಾನ ಹತ್ತಿ, ವಾಪಸ್ ನಮ್ಮೂರ ಪಕ್ಕದಲ್ಲೇ ಹಾರಿ ಉತ್ತರಕ್ಕೆ ಹೋಗುತ್ತೇವೆ. ಪೈಲಟ್ಟು ಅದೇ ಗೆರೆ ಹಿಡಿದು ಹೋಗಲ್ಲ, ಕಂಟ್ರೋಲಿನವರು ಹೇಳಿದ ದಾರಿಯಲ್ಲಿ ಹೋಗುತ್ತಾರೆ. ಆದರೂ ಮೋಡ ಇಲ್ಲದ ದಿನ ಕಿಟಕಿಯಿಂದ ಬಗ್ಗಿ ನೋಡಿದರೆ ಕಬ್ಬಿನ ಗದ್ದೆ, ನಾಲೆ, ಹೊಳೆಯ ನಡುವಿನ ಪಟ್ಟಣ ಎಲ್ಲ ಕಾಣಿಸುತ್ತೆ. ಒಂದು ಸಲ ಬಲಗಡೆ ಕಿಟಕಿಯಲ್ಲಿ ಪಾವಗಡದ ಸೋಲಾರ್ ಪಾರ್ಕು ಸಿಕ್ಕಿತ್ತು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕೆಳಗೆ ಕಪ್ಪು ನೀಲಿ ಪಟ್ಟಿಗಳು ಮುಗಿಯುವುದೇ ಇಲ್ಲ. ಹಗಲು ಹೊತ್ತು ಮೂರು ಫೇಸ್ ಕರೆಂಟಿಗೆ ಕಾಯುವ ರೈತರ ಜೊತೆ ದಿನಾ ಏಗುವ ನನಗೆ ಅದನ್ನು ನೋಡಿ ಏನೇನೋ ಅನ್ನಿಸಿತು. ಇರಲಿ.

ಈಗ ಸಮಯದ ವಿಷಯ. ಆ ಸೈಟಿನವರು ಏನು ಮಾಡಿದ್ದಾರೆ ಅಂದರೆ 590 ಕಿಲೋಮೀಟರನ್ನು ವಿಮಾನದ ವೇಗಕ್ಕೆ ಭಾಗಿಸಿ ಉತ್ತರ ಬರೆದಿದ್ದಾರೆ, ಅಷ್ಟೇ. ಮಂಡಕಳ್ಳಿಗೆ ಬರುವುದು ಎಟಿಆರ್-72 ಅನ್ನುವ ಚಿಕ್ಕ ಪ್ರೊಪೆಲ್ಲರ್ ವಿಮಾನ. ಗಂಟೆಗೆ ಸುಮಾರು 500 ಕಿಲೋಮೀಟರ್ ಓಡುತ್ತೆ. ಭಾಗಿಸಿದರೆ ಒಂದು ಗಂಟೆ ಹತ್ತು ನಿಮಿಷವೇ. ಆದರೆ ಏರುವಾಗ ಅಷ್ಟು ವೇಗ ಇರಲ್ಲ, ಇಳಿಯುವಾಗಲೂ ಇರಲ್ಲ. ಶಂಷಾಬಾದ್ ಹತ್ತಿರ ಬಂದ ಮೇಲೆ ಮುಂದಿನ ವಿಮಾನ ಇಳಿಯಲಿ ಅಂತ ಸುತ್ತು ಹಾಕಿಸುತ್ತಾರೆ. ಎದುರುಗಾಳಿ ಇದ್ದರೆ ಇನ್ನೊಂದಿಷ್ಟು ತಡ. ಅದೂ ಅಲ್ಲದೆ ಟಿಕೆಟ್ಟಿನಲ್ಲಿ ಹಾಕುವ ಸಮಯ ನೆಲ ಬಿಟ್ಟು ನೆಲ ಮುಟ್ಟುವ ಸಮಯ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದಾಗ ಲೆಕ್ಕ ಶುರು, ಅಲ್ಲಿ ಹೋಗಿ ನಿಂತಾಗ ಮುಗಿಯಿತು. ಮಂಡಕಳ್ಳಿಯಲ್ಲಿ ಇದು ಬೇಗ ಆಗುತ್ತೆ. ರನ್‌ವೇ ಮೇಲೇ ತುದಿಯವರೆಗೆ ಉರುಳಿಕೊಂಡು ಹೋಗಿ, ತಿರುಗಿ, ಹಾರಿಬಿಡುತ್ತೆ. ಮುಂದೆ ಕ್ಯೂ ಅಂತ ಇರುವುದೇ ಇಲ್ಲ. ಶಂಷಾಬಾದಿನ ರನ್‌ವೇ 4,260 ಮೀಟರ್ ಉದ್ದ. ಇಳಿದ ಮೇಲೂ ಬಸ್ಸಿನಲ್ಲಿ ಊರು ಸುತ್ತಿದಷ್ಟು ಹೊತ್ತು ಉರುಳುತ್ತಲೇ ಇರುತ್ತೆ. ಇಷ್ಟೆಲ್ಲ ಸೇರಿ ಒಂದೂಮುಕ್ಕಾಲು ಗಂಟೆ. ಕಂಪನಿಯವರು ಒಂದಿಷ್ಟು ನಿಮಿಷ ಕೈಯಲ್ಲಿ ಇಟ್ಟುಕೊಂಡೇ ಟೈಮ್ ಹಾಕಿರುತ್ತಾರೆ. ಹಾಗಾಗಿ ಸರಿಯಾದ ಹೊತ್ತಿಗೆ ಹೊರಟರೆ ಬೋರ್ಡಿನಲ್ಲಿ ಇರುವುದಕ್ಕಿಂತ ಮೊದಲೇ ತಲುಪುತ್ತೆ.

ವಿಮಾನದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಮೋಟಾರಿನವನು ನೋಡಿ. ಅದನ್ನು ಮೊದಲ ಸಲ ನೋಡಿದವರು 'ಅಯ್ಯೋ, ಫ್ಯಾನ್ ಇರೋ ವಿಮಾನ' ಅಂತ ಮುಖ ಸಿಂಡರಿಸುತ್ತಾರೆ. ಹಳೇ ಕಾಲದ ವಿಮಾನ ಅಂದುಕೊಳ್ಳುತ್ತಾರೆ. ಹಳೇದಲ್ಲ. ಒಳಗೆ ಜೆಟ್ಟಿನ ಹಾಗೇ ಟರ್ಬೈನು ಇದೆ. ಅದು ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತೆ. ಒಂದೊಂದು ಕಡೆ ಆರಾರು ಬ್ಲೇಡು, ತುದಿಯಿಂದ ತುದಿಗೆ ನಾಲ್ಕು ಮೀಟರಿಗೆ ಸ್ವಲ್ಪ ಕಡಿಮೆ. ನಮ್ಮ ಬೋರ್‌ವೆಲ್ ಮೋಟಾರು ನಿಮಿಷಕ್ಕೆ 2,880 ಸುತ್ತು ತಿರುಗಿದರೆ ಈ ಪ್ರೊಪೆಲ್ಲರ್ ಹಾರುವಾಗಲೂ 1,200ಕ್ಕಿಂತ ಜಾಸ್ತಿ ತಿರುಗಲ್ಲ. ಮೇಲೆ ಹೋದ ಮೇಲೆ ಸಾವಿರದ ಒಳಗೆ ಇಳಿಸುತ್ತಾರೆ. ಆ ಬದಲಾವಣೆ ಕಿವಿಗೆ ಚೆನ್ನಾಗಿ ಗೊತ್ತಾಗುತ್ತೆ. ಏರುವಾಗ ಇದ್ದ ಸದ್ದು ಇದ್ದಕ್ಕಿದ್ದ ಹಾಗೆ ದಪ್ಪಗಾಗುತ್ತೆ. ಪಕ್ಕದ ಸೀಟಿನವರು ಇಂಜಿನ್ ನಿಂತುಹೋಯಿತು ಅಂತ ಗಾಬರಿಯಾದದ್ದೂ ಉಂಟು. ನಿಂತಿಲ್ಲ, ಸುತ್ತು ಕಡಿಮೆ ಮಾಡಿದ್ದಾರೆ. ನೆಲ ಬಿಟ್ಟು ಏರುವಾಗ ಒಂದೊಂದು ಇಂಜಿನಿನ ಶಕ್ತಿ 2,400 ಎಚ್‌ಪಿಗಿಂತ ಮೇಲೆ. ನಾನು ದಿನಾ ಬಿಚ್ಚಿ ಕಟ್ಟುವುದು ಏಳೂವರೆ, ಹತ್ತು ಎಚ್‌ಪಿ.

ಸೀಟು ಆ ಕಡೆ ಎರಡು, ಈ ಕಡೆ ಎರಡು. ನಡುವಿನ ಸೀಟು ಅನ್ನುವ ಶಿಕ್ಷೆ ಇಲ್ಲ. ರೆಕ್ಕೆ ತಲೆ ಮೇಲೆ ಇರುವುದರಿಂದ ಎಲ್ಲಿ ಕೂತರೂ ಕೆಳಗೆ ನೋಡಲು ಅಡ್ಡಿ ಇಲ್ಲ. ಪೂರ್ವಕ್ಕೆ ಹಾರಿದ ದಿನ ಎಡಗಡೆ ಕೂತವರಿಗೆ ಚಾಮುಂಡಿ ಬೆಟ್ಟ ಸಿಗುತ್ತೆ. ಹತ್ತುವ ಬಾಗಿಲು ಹಿಂದಿದೆ, ಲಗೇಜು ತುಂಬುವುದು ಮುಂದೆ. ಅದಕ್ಕೆ ಒಂದನೇ ಸಾಲಿನ ಸೀಟಿಗೆ ದುಡ್ಡು ಕೊಡಬೇಡಿ. ಇಳಿಯುವಾಗ ನೀವೇ ಕೊನೆ. ಹಿಂದಿನ ಸಾಲು ತೊಗೊಂಡರೆ ಬೇಗ ಇಳಿಯಬಹುದು, ಪ್ರೊಪೆಲ್ಲರಿನ ಗುಂಯ್ ಅನ್ನುವ ಸದ್ದೂ ಅಲ್ಲಿ ಕಡಿಮೆ. ತಲೆ ಮೇಲಿನ ಗೂಡು ಮಾತ್ರ ಚಿಕ್ಕದು. ಜೆಟ್ಟಿನಲ್ಲಿ ಹಿಡಿಸುವ ಟ್ರಾಲಿ ಬ್ಯಾಗು ಇಲ್ಲಿ ಹಿಡಿಸಲ್ಲ, ಮೆಟ್ಟಿಲ ಹತ್ತಿರವೇ ಇಸಿದುಕೊಂಡು ಲಗೇಜಿಗೆ ಹಾಕುತ್ತಾರೆ. ಹಣ, ಮಾತ್ರೆ, ಬಿಲ್ಲು ಅದರಲ್ಲಿ ಇಡಬೇಡಿ. ಇನ್ನು ಕುಲುಕಾಟ. ಜೆಟ್ ವಿಮಾನ ಮೂವತ್ತು ಸಾವಿರ ಅಡಿ ಮೇಲೆ ಹೋಗುತ್ತೆ. ಇದು ಹೆಚ್ಚೆಂದರೆ 25,000 ಅಡಿ, ಸಾಮಾನ್ಯವಾಗಿ ಅದಕ್ಕೂ ಕೆಳಗೆ. ಮಳೆಗಾಲದಲ್ಲಿ ಮೋಡದ ಒಳಗೇ ಹೋಗಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆಲ ಕಾದು ಗಾಳಿ ಎದ್ದಾಗಲೂ ಎತ್ತಿ ಹಾಕುತ್ತೆ. ಬೆಳಗಿನ ವಿಮಾನ ಇದ್ದರೆ ಅದೇ ಒಳ್ಳೆಯದು.

ದೊಡ್ಡ ಜೆಟ್ ಯಾಕೆ ಬರಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮಂಡಕಳ್ಳಿಯ ರನ್‌ವೇ 1,740 ಮೀಟರ್. ದೊಡ್ಡ ಜೆಟ್ ತುಂಬಿದ ಹೊರೆಯಲ್ಲಿ ಇಳಿದು ಹಾರಲು ಅದು ಸಾಲದು. ಎಟಿಆರ್‌ಗೆ ಸಾಕು. ಅದು ಇಳಿದ ತಕ್ಷಣ ಬ್ಲೇಡಿನ ಕೋನ ತಿರುಗಿಸಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತೆ, ಹಾಗಾಗಿ ಬೇಗ ನಿಲ್ಲುತ್ತೆ. ಚಕ್ರ ನೆಲ ಮುಟ್ಟಿದ ಮೇಲೆ 'ಭರ್ರ್' ಅಂತ ಒಂದು ಸದ್ದು ಬರುತ್ತಲ್ಲ, ಅದೇ ಇದು. ಈ ನೆಲ ಮಹಾರಾಜರ ಕಾಲದಿಂದ ವಿಮಾನ ಇಳಿದ ಜಾಗ. ಈಗಿನ ಟರ್ಮಿನಲ್ ಶುರುವಾದದ್ದು 2010ರಲ್ಲಿ. ಆಮೇಲೆ ಒಂದು ಕಂಪನಿ ಬಂತು, ಬಿಟ್ಟುಹೋಯಿತು. ಇನ್ನೊಂದು ಬಂತು, ಅದೂ ಬಿಟ್ಟಿತು. ಚಿಕ್ಕ ಊರುಗಳಿಗೂ ವಿಮಾನ ಬಿಡುವ ಕೇಂದ್ರದ ಉಡಾನ್ ಯೋಜನೆ ಬಂದ ಮೇಲೆ 2017ರಲ್ಲಿ ಚೆನ್ನೈಗೆ, 2019ರಲ್ಲಿ ಬೆಂಗಳೂರು, ಹೈದರಾಬಾದ್, ಗೋವಾ, ಕೊಚ್ಚಿ ಕಡೆಗೆ ಅಂತ ಜೀವ ಬಂತು. ಅದರಲ್ಲೂ ಎಷ್ಟೋ ನಿಂತುಹೋದವು. ರನ್‌ವೇಯನ್ನು 2,750 ಮೀಟರಿಗೆ ಉದ್ದ ಮಾಡುವ ಮಾತು ವರ್ಷಗಳಿಂದ ಇದೆ. ಅದಕ್ಕೆ ಜಮೀನು ಬೇಕು, ಅಡ್ಡ ಬರುವ ನಂಜನಗೂಡು ಹೆದ್ದಾರಿಗೆ ಬೇರೆ ವ್ಯವಸ್ಥೆ ಆಗಬೇಕು. ಅಲ್ಲಿಯವರೆಗೆ ನಮಗೆ ಫ್ಯಾನ್ ವಿಮಾನವೇ ಗತಿ. ನನಗೇನೂ ಬೇಜಾರಿಲ್ಲ.

ಮಂಡ್ಯದಿಂದ ಮಂಡಕಳ್ಳಿಗೆ ಹೋಗುವುದು ಹೀಗೆ. ಕಾರಾದರೆ ಹೆದ್ದಾರಿ ಹಿಡಿದು, ಗಣಂಗೂರು ಟೋಲ್ ದಾಟಿ, ಶ್ರೀರಂಗಪಟ್ಟಣ ದಾಟಿ ಮೈಸೂರು ಬಾಗಿಲಿಗೆ ಬಂದಾಗ ಊರೊಳಗೆ ನುಗ್ಗಬೇಡಿ. ಎಡಕ್ಕೆ ರಿಂಗ್ ರೋಡು ಹಿಡಿಯಿರಿ. ಬನ್ನೂರು ರಸ್ತೆ, ತಿ. ನರಸೀಪುರ ರಸ್ತೆ ದಾಟಿದ ಮೇಲೆ ನಂಜನಗೂಡು ರಸ್ತೆ ಸಿಗುತ್ತೆ, ಅಲ್ಲಿ ಎಡಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ನಿಲ್ದಾಣ. ಒಂದೂಕಾಲು ಗಂಟೆ ಇಟ್ಟುಕೊಂಡರೆ ನಿಧಾನಕ್ಕೆ ಹೋಗಬಹುದು. ದಸರಾ ಸಮಯದಲ್ಲಿ ಮಾತ್ರ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಬೈಕಿನಲ್ಲಿ ಬಿಟ್ಟುಬರುತ್ತೇನೆ ಅನ್ನುವ ಭಾಮೈದ ಇದ್ದರೆ ಅವನು ಸರ್ವಿಸ್ ರೋಡಿನಲ್ಲೇ ಬರಬೇಕು. 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ.

ನಿಲ್ದಾಣ ಚಿಕ್ಕದು. ಅದೇ ಅದರ ದೊಡ್ಡ ಗುಣ. ಗೇಟಿನಿಂದ ಕೌಂಟರಿಗೆ ನಾಲ್ಕು ಹೆಜ್ಜೆ, ಕೌಂಟರಿನಿಂದ ಸೆಕ್ಯುರಿಟಿಗೆ ಇನ್ನು ನಾಲ್ಕು ಹೆಜ್ಜೆ. ವಿಮಾನದ ಹತ್ತಿರ ನಡೆದುಕೊಂಡೇ ಹೋಗಿ ಹತ್ತುತ್ತೇವೆ. ಪಕ್ಕದಲ್ಲಿ ಪೈಲಟ್ ತರಬೇತಿಯ ಪುಟ್ಟ ವಿಮಾನಗಳು ಓಡಾಡುವುದನ್ನೂ ನೋಡಬಹುದು. ಎಪ್ಪತ್ತು ಎಂಬತ್ತು ಜನರ ವಿಮಾನ, ಕ್ಯೂ ಎಷ್ಟಿರುತ್ತೆ ಹೇಳಿ?

ಲಗೇಜಿನ ಬಗ್ಗೆ ಹಳ್ಳಿ ಕಡೆಯವರು ತಿಳಿದುಕೊಳ್ಳಬೇಕಾದದ್ದು ಇದೆ. ಲಗೇಜಿಗೆ ಹಾಕಲು 15 ಕೆಜಿ, ಕೈಯಲ್ಲಿ 7 ಕೆಜಿ. ಅಕ್ಕನಿಗೆ ಅಂತ ಅವ್ವ ಕಟ್ಟಿಕೊಡುವುದು ರಾಗಿ ಹಿಟ್ಟು, ಹುರುಳಿಕಾಳು, ಬೆಲ್ಲ, ಕೊಬ್ಬರಿ, ತುಪ್ಪ, ಉಪ್ಪಿನಕಾಯಿ. ಇದರಲ್ಲಿ ಕೊಬ್ಬರಿ ಮನೆಯಲ್ಲೇ ಬಿಡಿ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತೆ ಅಂತ ವಿಮಾನದಲ್ಲಿ ಬಿಡಲ್ಲ. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿ ಇಟ್ಟರೆ ಸೆಕ್ಯುರಿಟಿಯಲ್ಲಿ ತೆಗೆಸಬಹುದು. ಡಬ್ಬಿಗೆ ಟೇಪ್ ಸುತ್ತಿ ಲಗೇಜಿಗೆ ಹಾಕಿ. ಬೆಲ್ಲ ತೊಗೊಂಡು ಹೋಗಬಹುದು. ಆದರೆ ಒಂದು ಸಲ ನನ್ನ ಕೈಚೀಲದಲ್ಲಿ ಅಚ್ಚು ಬೆಲ್ಲ ಇತ್ತು. ಎಕ್ಸ್‌ರೇ ಮೆಷಿನ್ನಿನಲ್ಲಿ ಅದು ಒಂದರ ಪಕ್ಕ ಒಂದು ಗಟ್ಟಿ ಇಟ್ಟಿಗೆ ಜೋಡಿಸಿದಂತೆ ಕಾಣಿಸಿತು. ಸ್ಕ್ರೀನಿನ ಮುಂದೆ ಕೂತವರು ಬ್ಯಾಗು ಹಿಂದಕ್ಕೆ ಎಳೆದು ಇನ್ನೊಂದು ಸಲ ಬಿಟ್ಟರು, ಆಮೇಲೆ ಮೇಜಿನ ಮೇಲೆ ಇಟ್ಟು ಬಿಚ್ಚಿ ಅಂದರು. ಪೇಪರ್ ಬಿಡಿಸಿದೆ. ಘಮ ಬಂತು. 'ಮಂಡ್ಯದವರಾ ಸಾರ್?' ಅಂತ ಕೇಳಿ, ಒಂದೊಂದೇ ಅಚ್ಚು ಎತ್ತಿ ನೋಡಿ, ಅವರೇ ವಾಪಸ್ ಸುತ್ತಿಟ್ಟರು. ಸ್ಪ್ಯಾನರು, ಸ್ಕ್ರೂಡ್ರೈವರು, ಬೇರಿಂಗ್ ಪುಲ್ಲರ್ ಇಂಥದ್ದೆಲ್ಲ ಕೈಯಲ್ಲಿ ಬಿಡಲ್ಲ, ಅದು ನಮ್ಮ ಲೈನಿನವರಿಗೆ ಗೊತ್ತೇ ಇದೆ. ವೈಂಡಿಂಗ್ ತಂತಿಯ ಬಾಬಿನ್ನು ಹಾಕಿದರೆ 15 ಕೆಜಿ ಆಗಲೇ ಮುಗಿಯಿತು. ಭಾರದ ಸಾಮಾನನ್ನು ನಾನು ರಾಣಿಗಂಜಿನಿಂದ ಲಾರಿ ಪಾರ್ಸೆಲ್ಲಿಗೇ ಹಾಕುತ್ತೇನೆ.

ಇನ್ನು ದೇವನಹಳ್ಳಿ. ಅಲ್ಲಿಂದ ಹೈದರಾಬಾದಿಗೆ ನೇರ ಗೆರೆ 450 ಕಿಲೋಮೀಟರ್ ಅಷ್ಟೇ. ಜೆಟ್ ಗಂಟೆಗೆ 800ರ ಆಸುಪಾಸು ಹೋಗುತ್ತೆ. ಟಿಕೆಟ್ಟಿನಲ್ಲಿ ಒಂದೂಕಾಲು ಗಂಟೆ ಅಂತಿರುತ್ತೆ. ಮಂಡಕಳ್ಳಿಗೆ ಹೋಲಿಸಿದರೆ ಆಕಾಶದಲ್ಲಿ ಅರ್ಧ ಗಂಟೆ ಉಳಿತಾಯ. ಈ ಅರ್ಧ ಗಂಟೆ ನೋಡಿ ಮರುಳಾಗುವವರು ಬಹಳ. ಮಂಡ್ಯದಿಂದ ದೇವನಹಳ್ಳಿಗೆ ಹೋಗುವುದರ ಲೆಕ್ಕ ಯಾರು ಹಾಕಬೇಕು? ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕೆಂಗೇರಿಯವರೆಗೆ ಸಲೀಸು, ನಿಜ. ಅಲ್ಲಿಂದ ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಬಂದರೆ ಮುಂದೆ ಗೊರಗುಂಟೆಪಾಳ್ಯ, ಹೆಬ್ಬಾಳ. ಅಲ್ಲಿ ನಿಮ್ಮ ಹಣೆಬರಹ. ನಾನು ಮೂರೂವರೆ ಗಂಟೆಗೆ ಕಡಿಮೆ ಯಾವತ್ತೂ ಇಟ್ಟುಕೊಳ್ಳಲ್ಲ. ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಟರ್ಮಿನಲ್ ಒಂದಾ ಎರಡಾ ನೋಡಿಕೊಳ್ಳಬೇಕು. ಬೆಳಗಿನ ವಿಮಾನ ಅಂದರೆ ರಾತ್ರಿ ಒಂದು ಗಂಟೆಗೇ ಮನೆ ಬಿಡಬೇಕು. ಬಾಡಿಗೆ ಕಾರಿನವರು ರಾತ್ರಿ ಬಾಡಿಗೆ, ಟೋಲ್, ವಾಪಸ್ ಖಾಲಿ ಬರುವ ಬಾಡಿಗೆ ಎಲ್ಲ ಸೇರಿಸಿ ಹೇಳುವ ರೇಟು ಕೇಳಿದರೆ, ಟಿಕೆಟ್ಟಿನಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತೆ.

ಮನೆ ಬಾಗಿಲಿನಿಂದ ಅಕ್ಕನ ಮನೆ ಬಾಗಿಲಿಗೆ ಅಂತ ಲೆಕ್ಕ ಹಾಕಿದರೆ ಮಂಡಕಳ್ಳಿ ಮೂಲಕ ನನಗೆ ಆರು ಗಂಟೆ ಹಿಡಿಯುತ್ತೆ. ದೇವನಹಳ್ಳಿ ಮೂಲಕ ಎಂಟು ಗಂಟೆಗೂ ಮೇಲೆ. ನಿಧಾನದ ವಿಮಾನ ಹತ್ತಿದವನೇ ಮೊದಲು ಊಟಕ್ಕೆ ಕೂತಿರುತ್ತಾನೆ. ಮದ್ದೂರಿನವರಿಗೆ ಈ ವ್ಯತ್ಯಾಸ ಕಡಿಮೆಯಾಗುತ್ತೆ. ಚನ್ನಪಟ್ಟಣ, ರಾಮನಗರ ಕಡೆಯವರಿಗೆ ದೇವನಹಳ್ಳಿಯೇ ಸರಿ.

ಹಾಗಂತ ಮಂಡಕಳ್ಳಿಗೆ ಪೂರ್ತಿ ಮಾರ್ಕು ಕೊಡಲ್ಲ. ದೇವನಹಳ್ಳಿಯಿಂದ ಹೈದರಾಬಾದಿಗೆ ದಿನಕ್ಕೆ ಬೇಕಾದಷ್ಟು ವಿಮಾನ, ಒಂದು ತಪ್ಪಿದರೆ ಇನ್ನೊಂದು. ಇಲ್ಲಿ ಹಾಗಿಲ್ಲ. ಆವತ್ತಿನದು ಕೈಕೊಟ್ಟರೆ ಆವತ್ತಿನ ಕಥೆ ಮುಗಿಯಿತು. ನನಗೆ ಹೀಗೆ ಆಗಿದೆ. ಕಂಪನಿ ಹೆಸರು ಬೇಡ. ಶ್ರೀರಂಗಪಟ್ಟಣ ದಾಟುವಾಗ ಫೋನಿಗೆ ಮೆಸೇಜ್ ಬಂತು, ವಿಮಾನ ಎರಡು ಗಂಟೆ ತಡ ಅಂತ. ಸರಿ, ಬಂದದ್ದಾಯಿತು ಅಂತ ಹೋಗಿ ಕೂತೆ. ಇನ್ನೊಂದು ಮೆಸೇಜ್ ಬಂತು, ಮತ್ತೂ ತಡ. ಕೊನೆಗೆ ರದ್ದು. ಕೌಂಟರಿನಲ್ಲಿದ್ದ ಹುಡುಗಿ ಪಾಪ, ಅವಳಿಗೂ ನಮಗೆ ಗೊತ್ತಿದ್ದಷ್ಟೇ ಗೊತ್ತಿತ್ತು. 'ಮೇಲಿನಿಂದ ಹೇಳಿಲ್ಲ ಸಾರ್' ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ರಾಣಿಗಂಜಿನಲ್ಲಿ ಸೇಟು ನನಗೋಸ್ಕರ ಮಾಲು ತೆಗೆದಿಟ್ಟುಕೊಂಡು ಕೂತಿದ್ದ. ನಂತರ ವಿಚಾರಿಸಿ ತಿಳಿದುಕೊಂಡದ್ದು: ವಿಮಾನ ರದ್ದಾದರೆ ಪೂರ್ತಿ ದುಡ್ಡು ವಾಪಸ್ ಕೇಳಬಹುದು, ಇಲ್ಲ ಬೇರೆ ವಿಮಾನ ಕೇಳಬಹುದು. ಆರು ಗಂಟೆಗಿಂತ ಜಾಸ್ತಿ ತಡ ಆದರೂ ಅದೇ ಹಕ್ಕು ಇದೆ. ಇಷ್ಟು ಚಿಕ್ಕ ಪ್ರಯಾಣದಲ್ಲಿ ಎರಡು ಗಂಟೆ ತಡ ಆದರೆ ತಿಂಡಿ ಕೊಡಬೇಕು. ಇದೆಲ್ಲ ವಿಮಾನಯಾನ ಇಲಾಖೆಯ ನಿಯಮ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಸುಮ್ನೆ ಇರುತ್ತಾರೆ. ಕೋರ್ಟು ಕೇಸು, ಇಂಟರ್‌ವ್ಯೂ, ಪರೀಕ್ಷೆ, ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಹಿಡಿಯುವುದು ಇಂಥದ್ದಿದ್ದರೆ ಮಂಡಕಳ್ಳಿಯನ್ನು ನಂಬಿ ಆವತ್ತೇ ಹೊರಡಬೇಡಿ. ಹಿಂದಿನ ದಿನ ಹೋಗಿ, ಇಲ್ಲ ದೇವನಹಳ್ಳಿಗೆ ಹೋಗಿ.

ಹೈದರಾಬಾದ್ ಕಡೆ ಇಳಿದ ಮೇಲೂ ದೂರ ಇದೆ, ಅದನ್ನು ಮರೆಯಬೇಡಿ. 2008ರವರೆಗೆ ವಿಮಾನಗಳು ಊರೊಳಗಿನ ಬೇಗಂಪೇಟೆಯಲ್ಲಿ ಇಳಿಯುತ್ತಿದ್ದವು, ರಾಣಿಗಂಜಿಗೆ ಅಲ್ಲಿಂದ ಆಟೋ ಸಾಕಾಗಿತ್ತು ಅಂತ ಭಾವ ಹೇಳುತ್ತಾರೆ. ಈಗ ಶಂಷಾಬಾದಿನಿಂದ ಊರಿಗೆ ಇಪ್ಪತ್ತೈದು ಕಿಲೋಮೀಟರಿನ ಲೆಕ್ಕ. ಮೆಹದಿಪಟ್ಣಂ ಕಡೆಯವರಿಗೆ ಆರಾಮ್‌ಘರ್‌ನಲ್ಲಿ ಹತ್ತಿದರೆ ಹನ್ನೊಂದು ಕಿಲೋಮೀಟರಿಗೂ ಉದ್ದದ ಮೇಲ್ಸೇತುವೆ ಇದೆ, ಪಿ.ವಿ. ನರಸಿಂಹ ರಾವ್ ಹೆಸರಿನದು, ಸಿಗ್ನಲ್ಲೇ ಇಲ್ಲ. ಕಾಚಿಗುಡಕ್ಕೆ ಆ ದಾರಿ ಬೇಡ. ಮೃಗಾಲಯದ ಕಡೆಯಿಂದ ಚಾದರ್‌ಘಾಟ್ ಹಾದು ಹೋಗಬೇಕು. ಆರಾಮ್‌ಘರ್–ಮೃಗಾಲಯ ಫ್ಲೈಓವರ್ 2025ರಲ್ಲಿ ತೆರೆದ ಮೇಲೆ ಅಲ್ಲಿಯವರೆಗೆ ಸಲೀಸಾಗಿದೆ, ಆಮೇಲೆ ಹಳೇ ಊರಿನ ಗಿಜಿಗಿಜಿ. ಸಿಕಂದರಾಬಾದಿಗೆ ಪುಷ್ಪಕ್ ಅನ್ನುವ ಎ.ಸಿ. ಬಸ್ಸು ಇದೆ, ಸರ್ಕಾರಿ ಬಸ್ಸು, ಒಳ್ಳೆಯದು. ಒಬ್ಬರೇ ಇದ್ದರೆ ಕ್ಯಾಬಿಗಿಂತ ಅದೇ ವಾಸಿ.

ಇಷ್ಟೆಲ್ಲ ಹೇಳಿ ರೈಲನ್ನು ಬಿಟ್ಟರೆ ಅವ್ವ ನನ್ನನ್ನು ಸುಮ್ಮನೆ ಬಿಡಲ್ಲ. ಮಧ್ಯಾಹ್ನ ಮೈಸೂರು ಬಿಡುವ ಕಾಚಿಗುಡ ಎಕ್ಸ್‌ಪ್ರೆಸ್ ಮಂಡ್ಯದಲ್ಲಿ ನಿಲ್ಲುತ್ತೆ. ಸಂಜೆ ಬೆಂಗಳೂರು, ರಾತ್ರಿ ಅನಂತಪುರ, ಕರ್ನೂಲು, ಬೆಳಗಿನ ಜಾವ ಮೆಹಬೂಬ್‌ನಗರ ದಾಟಿ ಬೆಳಕು ಹರಿಯುವ ಹೊತ್ತಿಗೆ ಕಾಚಿಗುಡ. ಅಕ್ಕನ ಮನೆಗೆ ಸ್ಟೇಷನ್ನಿನಿಂದ ನಡೆದುಕೊಂಡೇ ಹೋಗಬಹುದು. ಆ ಸುತ್ತಮುತ್ತ ನಮ್ಮವರೂ ಬಹಳ ಇದ್ದಾರೆ, ನೃಪತುಂಗ ಹೆಸರಿನ ಕನ್ನಡ ಶಾಲೆ ಅಲ್ಲೇ ಇದೆ. ಮಂಡ್ಯದಿಂದ ಹದಿನಾಲ್ಕು ಗಂಟೆ ಅಂದುಕೊಳ್ಳಿ. ಅದರಲ್ಲಿ ಅರ್ಧ ನಿದ್ದೆಯಲ್ಲೇ ಕಳೆಯುತ್ತೆ.

ಅವ್ವನನ್ನು ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ಎಟಿಆರ್‌ನ ಬಾಗಿಲೇ ಕೆಳಗೆ ಬಿಚ್ಚಿಕೊಂಡು ಮೆಟ್ಟಿಲಾಗುತ್ತೆ, ಕೆಲವೇ ಮೆಟ್ಟಿಲು, ಆದರೆ ಕಿರಿದು. ಮಂಡಿ ನೋವಿನವರಿಗೆ ಕಷ್ಟ. ಗಾಲಿ ಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿ. ಹತ್ತಿಸಿ ಕೂರಿಸಿ ಬೆಲ್ಟು ಹಾಕಿದೆ. ಕಿಟಕಿ ಹೊರಗೆ ಚಕ್ರ ಮಡಚಿಕೊಂಡು ಹೊಟ್ಟೆಯೊಳಗೆ ಹೋಗುವುದನ್ನು ಬಾಯಿ ಬಿಟ್ಟು ನೋಡಿದಳು. ಆಮೇಲೆ ಕಿವಿ ಹಿಡಿದುಕೊಂಡಳು, ಸೆರಗು ಮುಖಕ್ಕೆ ಹಾಕಿಕೊಂಡಳು. ಇಳಿದ ಮೇಲೆ ಹೇಗಿತ್ತವ್ವ ಅಂದೆ. 'ಚೆಂದಾಗೈತೆ ಕಣ್ಲಾ ಮಗ. ಆದ್ರೆ ಯಾರೂ ಮಾತೇ ಆಡಲ್ವಲ್ಲ. ರೈಲ್ನಾಗೆ ಕಾಲ್ ಚಾಚ್ಕಂಡು ಮಲಗ್ಬೋದು, ಬುತ್ತಿ ಬಿಚ್ಬೋದು' ಅಂದಳು. ಅವಳ ಮಾತಿನಲ್ಲಿ ಏನೂ ತಪ್ಪಿಲ್ಲ. ಕೊಬ್ಬರಿಯನ್ನೂ ರೈಲಿನಲ್ಲಿ ಯಾರೂ ಕೇಳಲ್ಲ. ಹೆಂಗಸರಿಗೆ 45 ದಾಟಿದ್ದರೆ ಕೆಳಗಿನ ಬರ್ತ್ ಕೋಟಾ ಇದೆ, ಟಿಕೆಟ್ ಮಾಡುವಾಗ ಅದನ್ನು ಆರಿಸಿಕೊಳ್ಳಿ. ಅವ್ವ ಇದ್ದರೆ ರೈಲು, ನಾನೊಬ್ಬನೇ ಇದ್ದು ಅಂಗಡಿ ಮುಚ್ಚುವ ಹಾಗಿಲ್ಲ ಅಂದರೆ ಮಂಡಕಳ್ಳಿ. ನಮ್ಮ ಮನೆಯಲ್ಲಿ ಈಗ ಹೀಗೆ ನಡೆಯುತ್ತಿದೆ. ಬಸ್ಸಿನ ಬಗ್ಗೆ ಬರೆಯಲು ಏನಿಲ್ಲ. ರಾತ್ರಿಯೆಲ್ಲ ಕೂತು ಸೊಂಟ ಹಿಡಿಯುತ್ತೆ, ಬೇರೇನೂ ಸಿಗದಿದ್ದಾಗ ಹೋಗಬಹುದು.

ರೇಟು ದಿನಕ್ಕೊಂದು. ನಾನು ಹಾಕಿಕೊಂಡಿರುವ ಲೆಕ್ಕ ಇಷ್ಟು: ಮಂಡಕಳ್ಳಿಯಿಂದ ನಾಲ್ಕು ಸಾವಿರದೊಳಗೆ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳುತ್ತೇನೆ. ಐದು ದಾಟಿದರೆ ರೈಲಿನ ಎ.ಸಿ. ನೋಡುತ್ತೇನೆ. ಹೋಗುವ ದಿನ ಹತ್ತಿರ ಬಂದಷ್ಟೂ ಜಾಸ್ತಿ ಆಗುತ್ತೆ, ಚಿಕ್ಕ ವಿಮಾನ ನೋಡಿ, ಸೀಟು ಬೇಗ ಖಾಲಿಯಾಗುತ್ತೆ. ಇನ್ನೊಂದು, ವಿಮಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತೆ. ಮಾರ್ಚಿನ ಕೊನೇ ಭಾನುವಾರ ಒಂದು, ಅಕ್ಟೋಬರಿನ ಕೊನೇ ಭಾನುವಾರ ಇನ್ನೊಂದು. ಹೋದ ಸಲ ಬೆಳಗ್ಗೆ ಇದ್ದದ್ದು ಈ ಸಲ ಸಂಜೆಗೆ ಹೋಗಿರಬಹುದು, ಇಲ್ಲದೆಯೂ ಇರಬಹುದು. ಮಂಡಕಳ್ಳಿಯಲ್ಲಿ ಬಂದುಹೋದ ಕಂಪನಿಗಳ ಪಟ್ಟಿ ಮೇಲೆಯೇ ಹೇಳಿದೆನಲ್ಲ. ಯಾರೋ ಹೇಳಿದ್ದನ್ನು ನಂಬದೆ ಆವತ್ತಿನ ವೇಳಾಪಟ್ಟಿ ನೋಡಿಯೇ ಮದುವೆ ಮುಹೂರ್ತಕ್ಕೋ ಮಾಲಿಗೋ ಮಾತು ಕೊಡಿ.

ವಾಪಸ್ ಬರುವಾಗ ಮಂಡಕಳ್ಳಿಯಲ್ಲಿ ಇಳಿದು ಕಾರಿಗೆ ದುಡ್ಡು ಸುರಿಯಬೇಕಾಗಿಲ್ಲ. ಲಗೇಜು ಬೇಗ ಕೈಗೆ ಬರುತ್ತೆ. ಹೊರಗೆ ಹೆದ್ದಾರಿಗೆ ಬಂದು ನಿಂತರೆ ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬಸ್ಸು ಸಿಗುತ್ತೆ. ಅದರಲ್ಲಿ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಬಂದರೆ ಮಂಡ್ಯಕ್ಕೆ ಬಸ್ಸಿಗೇನು ಬರ. ಹತ್ತುವಾಗಲೇ ಕಂಡಕ್ಟರಿಗೆ ಕೇಳಿ. ಎಕ್ಸ್‌ಪ್ರೆಸ್‌ವೇ ಮೇಲೆ ಸೀದಾ ಬೆಂಗಳೂರಿಗೆ ಹೋಗುವ ಗಾಡಿ ಮಂಡ್ಯ ಊರೊಳಗೆ ಬರಲ್ಲ, ಬೈಪಾಸಿನಲ್ಲೇ ಹೋಗಿಬಿಡುತ್ತೆ.